ಪ್ರಸವಾಘಾತವೂ ವಸ್ತಿಕುಹರದ ತಳದ ಚಿಕಿತ್ಸೆಯೂ: ಒಂದು ಚಾರಿತ್ರಿಕ ವಿವೇಚನೆ

ಹೆರಿಗೆಯ ವಿಷಯವಾಗಿ ಚರಿತ್ರಕಾರನಿಗೆ ದೊರೆಯುವ ಸಾಧನಸಾಮಗ್ರಿಯಲ್ಲಿ ಹೆಚ್ಚಿನದು ಸಾವಿನ ಲೆಕ್ಕ. ಎಷ್ಟು ಮಂದಿ ತಾಯಂದಿರು ಹೆರಿಗೆಯಲ್ಲಿ ತೀರಿಕೊಂಡರು, ಎಷ್ಟು ಶಿಶುಗಳು ಉಳಿದುವು ಎಂಬುದನ್ನು ಯೂರೋಪಿನ ಚರ್ಚುಗಳ ಹಳೆಯ ದಾಖಲೆಗಳಿಂದ ಹಿಡಿದು ಇಂದಿನ ಸರಕಾರಿ ಸಮೀಕ್ಷೆಗಳವರೆಗೆ ಒಂದಲ್ಲ ಒಂದು ರೀತಿಯಲ್ಲಿ ಬರೆದಿಟ್ಟಿದ್ದಾರೆ. ಬದುಕಿ ಉಳಿದವಳು ಹೇಗೆ ಬದುಕಿದಳು ಎಂಬ ಪ್ರಶ್ನೆಗೆ ಆ ದಾಖಲೆಗಳಲ್ಲಿ ಉತ್ತರ ಸಿಕ್ಕುವುದು ಅಪರೂಪ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಜಾರುವ ಹೆಂಗಸು. ಗರ್ಭಕೋಶ ಕೆಳಕ್ಕಿಳಿದು ಕುಳಿತು ಏಳುವುದಕ್ಕೂ ಸಂಕಟಪಡುವ ಹೆಂಗಸು. ಮಲವನ್ನೂ ವಾಯುವನ್ನೂ ತಡೆಯಲಾರದೆ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟ ಹೆಂಗಸು, ಇವರು ಯಾವ ಪಟ್ಟಿಗೂ ಸೇರಿದವರಲ್ಲ. ಪ್ರಸವದಲ್ಲಿ ಇಂಥ ಗಾಯಕ್ಕೆ ಒಳಗಾದ ದೇಹವನ್ನು ಮತ್ತೆ ಸ್ವಸ್ಥಾನಕ್ಕೆ ತರುವ ಪ್ರಯತ್ನ ಹೇಗೆ ಬೆಳೆದುಬಂದಿತು, ಅದರಲ್ಲಿಯೂ ಶಸ್ತ್ರವನ್ನು ಹಿಡಿಯದೆ ಸ್ನಾಯುವಿಗೆ ಶಿಕ್ಷಣ ಕೊಡುವ ಚಿಕಿತ್ಸೆ ಹೇಗೆ ಹುಟ್ಟಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ನಾವು ವೈದ್ಯರಲ್ಲ, ಚರಿತ್ರೆಯ ಅಧ್ಯಾಪಕರು. ವೈದ್ಯಕೀಯವಾದ ಅಂಶಗಳನ್ನು ವಿಷಯವು ತಿಳಿಯುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೇಳುತ್ತೇವೆ.

ಮೊದಲು ಆ ಅಂಗದ ರಚನೆಯನ್ನು ತಿಳಿಯಬೇಕು. ಸೊಂಟದ ಮೂಳೆಗಳು ಕೂಡಿ ಆಗಿರುವ ಬೋಗುಣಿಗೆ ವಸ್ತಿಕುಹರವೆಂದು ಹೆಸರು. ಈ ಬೋಗುಣಿಗೆ ಮೂಳೆಯ ತಳವಿಲ್ಲ. ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯಂತೆ ಕಟ್ಟಿರುವ ಸ್ನಾಯುಗಳೇ ಅದರ ತಳ. ಇವುಗಳಲ್ಲಿ ಮುಖ್ಯವಾದುದನ್ನು ಅಂಗರಚನಾಶಾಸ್ತ್ರದಲ್ಲಿ ಲಿವೇಟರ್ ಏನೈ, ಎಂದರೆ ಗುದವನ್ನು ಮೇಲೆತ್ತುವ ಸ್ನಾಯು, ಎಂದು ಕರೆಯುತ್ತಾರೆ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಇದಕ್ಕೆ ಸಮನಾದ ಸ್ನಾಯುಗಳು ಬಾಲವನ್ನು ಆಡಿಸುವ ಕೆಲಸ ಮಾಡುತ್ತವೆ. ಮನುಷ್ಯನು ಎದ್ದುನಿಂತ ಮೇಲೆ ಬಾಲವಾದರೋ ಹೋಯಿತು. ಅದನ್ನು ಆಡಿಸುತ್ತಿದ್ದ ಸ್ನಾಯುಗಳ ಮೇಲೆ ಹೊಟ್ಟೆಯೊಳಗಿನ ಅವಯವಗಳ ಭಾರವೆಲ್ಲ ಬಿದ್ದಿತು. ಮೂತ್ರಕೋಶ, ಗರ್ಭಕೋಶ, ಮಲಾಶಯ ಈ ಮೂರನ್ನೂ ಕೆಳಗಿನಿಂದ ಆತು ಹಿಡಿಯುವುದು, ಮೂತ್ರದ್ವಾರವನ್ನೂ ಗುದವನ್ನೂ ಬೇಕಾದಾಗ ಮುಚ್ಚಿ ಬೇಕಾದಾಗ ಸಡಿಲಿಸುವುದು ಇವುಗಳ ನಿತ್ಯದ ಊಳಿಗ. ಮಿಕ್ಕ ಸ್ನಾಯುಗಳು ವಿಶ್ರಮಿಸುವಾಗ ಸಡಿಲಾಗುತ್ತವೆ. ಇವು ನಾವು ನಿದ್ರಿಸುವಾಗಲೂ ಸ್ವಲ್ಪಮಟ್ಟಿಗೆ ಬಿಗಿದೇ ಇರುತ್ತವೆ.

ಈ ತಳದ ನಡುವೆ ಇರುವ ಕಿರಿಯ ದ್ವಾರದ ಮೂಲಕ ಶಿಶುವಿನ ತಲೆ ಹೊರಬರಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2004ರಲ್ಲಿ ಗಣಕಯಂತ್ರದ ಸಹಾಯದಿಂದ ಲೆಕ್ಕ ಹಾಕಿ ನೋಡಿದಾಗ, ಹೆರಿಗೆಯ ಕೊನೆಯ ಘಟ್ಟದಲ್ಲಿ ಈ ಸ್ನಾಯುವಿನ ಒಳಭಾಗವು ತನ್ನ ಸಹಜವಾದ ಉದ್ದದ ಮೂರು ಪಾಲಿಗಿಂತಲೂ ಹೆಚ್ಚಾಗಿ ಹಿಗ್ಗಬೇಕಾಗುತ್ತದೆಂದು ಕಂಡುಬಂದಿತು. ಮೈಯ ಬೇರೆ ಯಾವ ಸ್ನಾಯುವಾದರೂ ಇಷ್ಟು ಹಿಗ್ಗಿದರೆ ಹರಿದುಹೋಗುತ್ತದೆ. ಬಹುಮಂದಿ ಸ್ತ್ರೀಯರಲ್ಲಿ ಇದು ಹರಿಯದೆ ಉಳಿಯುವುದೇ ಆಶ್ಚರ್ಯ. ಗರ್ಭಿಣಿಯ ಮೈಯಲ್ಲಿ ಆಗುವ ಮಾರ್ಪಾಟುಗಳು ಆ ಹಿಗ್ಗುವಿಕೆಗೆ ಸ್ನಾಯುವನ್ನು ಅಣಿಮಾಡುತ್ತವೆ. ಆದರೂ ಹಲವರಲ್ಲಿ ಸ್ನಾಯು ಮೂಳೆಯಿಂದ ಕಿತ್ತುಬರುವುದುಂಟು. ಇಕ್ಕುಳ ಹಾಕಿ ಮಗುವನ್ನು ಎಳೆದಾಗ ಈ ಅಪಾಯ ಹೆಚ್ಚು. ಅದೇ ತಾಣದಲ್ಲಿರುವ ನರವು ಜಗ್ಗಿ ದುರ್ಬಲವಾಗುವುದೂ ಉಂಟು.

ಕಣ್ಣಿಗೆ ಕಾಣುವ ಹರಿತಗಳನ್ನು ವೈದ್ಯರು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ಚರ್ಮ ಮಾತ್ರ, ಎರಡನೆಯದರಲ್ಲಿ ಅದರ ಕೆಳಗಿನ ಸ್ನಾಯು, ಮೂರನೆಯದರಲ್ಲಿ ಗುದವನ್ನು ಮುಚ್ಚುವ ಸಂಕೋಚಕ ಸ್ನಾಯು, ನಾಲ್ಕನೆಯದರಲ್ಲಿ ಗುದದ ಒಳಪದರವೂ ಹರಿದಿರುತ್ತವೆ. ಕಣ್ಣಿಗೆ ಕಾಣದವುಗಳ ಸಂಗತಿ ಬೇರೆ. 1993ರಲ್ಲಿ ಲಂಡನ್ನಿನಲ್ಲಿ ಸುಲ್ತಾನ್ ಎಂಬ ವೈದ್ಯನೂ ಆತನ ಸಂಗಡಿಗರೂ ಶ್ರವಣಾತೀತ ಧ್ವನಿಯ ಯಂತ್ರದಿಂದ ಪರೀಕ್ಷಿಸಿದಾಗ, ಮೊದಲ ಹೆರಿಗೆಯಾದ ಸ್ತ್ರೀಯರಲ್ಲಿ ನೂರಕ್ಕೆ 35 ಮಂದಿಗೆ ಗುದದ ಸಂಕೋಚಕ ಸ್ನಾಯುವಿನಲ್ಲಿ ದೋಷ ಕಂಡುಬಂದಿತು. ಹೆರಿಗೆಯ ಸಮಯದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಗುರುತಿಸಿರಲಿಲ್ಲ. ಒಂದು ಗಾಯವು ಇರುವುದೇ ಗೊತ್ತಾಗುವುದಕ್ಕೆ ಒಂದು ಯಂತ್ರ ಬೇಕಾಯಿತು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಯೋಜನ ತಿಳಿಯುತ್ತದೆ.

ಗಾಯ ಹಳೆಯದು, ಅದರ ಅರಿವೂ ಹಳೆಯದೇ. ಈಜಿಪ್ಟಿನ ಹನ್ನೊಂದನೆಯ ರಾಜವಂಶದ ಕಾಲದ, ಎಂದರೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ, ಹೆನ್‌ಹೆನಿತ್ ಎಂಬ ರಾಜಪತ್ನಿಯ ಮಮ್ಮಿಯನ್ನು ಡೆರಿ ಎಂಬ ಅಂಗರಚನಾಶಾಸ್ತ್ರಜ್ಞನು ಪರೀಕ್ಷಿಸಿ, ಮೂತ್ರಕೋಶಕ್ಕೂ ಯೋನಿಗೂ ನಡುವೆ ದೊಡ್ಡ ರಂಧ್ರವಿದ್ದುದನ್ನು 1935ರಲ್ಲಿ ಪ್ರಕಟಿಸಿದನು. ಅರಸನ ಅಂತಃಪುರದಲ್ಲಿದ್ದವಳಿಗೂ ಇದರಿಂದ ಬಿಡುಗಡೆಯಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಮದುವೆಯಾದವರಿಗೆ ಹೆರಿಗೆಯಲ್ಲಿ ಮೂತ್ರಕೋಶ ಹರಿದು ಸಾಯುವವರೆಗೂ ಮೂತ್ರ ಸೋರುತ್ತಿರಬಹುದೆಂದು ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ ಎಚ್ಚರಿಸಿದ್ದನು. ಇಟಲಿಯ ಸಲೆರ್ನೋ ಪಟ್ಟಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಿದ್ಧವಾದ, ಟ್ರೋಟುಲಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಸ್ತ್ರೀವೈದ್ಯ ಗ್ರಂಥಗಳಲ್ಲಿ ಹೆರಿಗೆಯಲ್ಲಾದ ಹರಿತವನ್ನು ರೇಷ್ಮೆಯ ದಾರದಿಂದ ಹೊಲಿಯುವ ಕ್ರಮವನ್ನು ಹೇಳಿದೆ. ನಮ್ಮ ಚರಕ ಸುಶ್ರುತ ಸಂಹಿತೆಗಳು ಯೋನಿವ್ಯಾಪತ್ತುಗಳೆಂದು ಇಪ್ಪತ್ತನ್ನು ಎಣಿಸುತ್ತವೆ. ಅವುಗಳಲ್ಲಿ ಅವಯವವು ಸ್ಥಾನದಿಂದ ಜಾರುವ ವ್ಯಾಧಿಯೂ ಸೇರಿದೆ. ತೈಲಾಭ್ಯಂಗ, ಸ್ವೇದನ, ಕೈಯಿಂದ ಒಳಕ್ಕೆ ಸೇರಿಸಿ ಕಟ್ಟುವುದು ಇವೇ ಅದಕ್ಕೆ ಉಪಾಯಗಳು. ಹಠಯೋಗದ ಗ್ರಂಥಗಳಲ್ಲಿ ಬರುವ ಮೂಲಬಂಧವೆಂಬ ಕ್ರಿಯೆಯು ಇದೇ ಸ್ನಾಯುಗಳನ್ನು ಬಿಗಿಯುವ ಕ್ರಿಯೆಯೆಂಬುದೇನೋ ದಿಟ. ಆದರೆ ಅದನ್ನು ವಿಧಿಸಿದ್ದು ಪ್ರಾಣಾಪಾನಗಳ ನಿಯಮನಕ್ಕಾಗಿ. ಬಾಣಂತಿಯ ಗಾಯ ಆ ಗ್ರಂಥಕಾರರ ಮನಸ್ಸಿನಲ್ಲಿರಲಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಹೇಳುವ ಆತುರವನ್ನು ಇಂಥ ಕಡೆಗಳಲ್ಲಿ ಬಿಡುವುದು ಒಳ್ಳೆಯದು.

ಆಧುನಿಕ ಕಾಲದಲ್ಲಿ ಈ ಗಾಯಗಳನ್ನು ಮೊದಲು ಕೈಗೆತ್ತಿಕೊಂಡದ್ದು ಶಸ್ತ್ರವೈದ್ಯ. ಆ ಕಥೆ ಹೆಮ್ಮೆಪಡುವಂಥದಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದ ಮಾಂಟ್‌ಗಮರಿಯಲ್ಲಿ ಜೇಮ್ಸ್ ಮೇರಿಯನ್ ಸಿಮ್ಸ್ ಎಂಬ ವೈದ್ಯನು 1845ರಿಂದ 1849ರವರೆಗೆ, ತನ್ನ ಮನೆಯ ಹಿತ್ತಲಿನಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ, ಗುಲಾಮ ಸ್ತ್ರೀಯರ ಮೇಲೆ ಶಸ್ತ್ರಕ್ರಿಯೆಗಳನ್ನು ಪ್ರಯೋಗಿಸಿದನು. ಅವರಲ್ಲಿ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ಉಳಿದಿದೆ. ಅನಾರ್ಕಾಳ ಮೇಲೆ ಸುಮಾರು ಮೂವತ್ತು ಸಲ ಶಸ್ತ್ರಕ್ರಿಯೆ ನಡೆಯಿತು. ನೋವು ತಿಳಿಯದಂತೆ ಮಾಡುವ ಈಥರ್ 1846ರಲ್ಲಿ ಪ್ರಸಿದ್ಧಿಗೆ ಬಂದಿದ್ದರೂ ಸಿಮ್ಸ್ ಈ ಹೆಂಗಸರಿಗೆ ಅದನ್ನು ಕೊಡಲಿಲ್ಲ. ಅವರು ಒಪ್ಪಿದರೆ ಇಲ್ಲವೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಅರ್ಥವೇ ಇರಲಿಲ್ಲ, ಏಕೆಂದರೆ ಅವರು ಮತ್ತೊಬ್ಬರ ಸ್ವತ್ತು. ಕೊನೆಗೆ ಬೆಳ್ಳಿಯ ತಂತಿಯ ಹೊಲಿಗೆಯಿಂದ ರಂಧ್ರ ಮುಚ್ಚಿತು. 1852ರಲ್ಲಿ ಆತನ ಲೇಖನ ಪ್ರಕಟವಾಯಿತು. ಆತನಿಗೆ ಸ್ತ್ರೀರೋಗಶಾಸ್ತ್ರದ ಪಿತಾಮಹನೆಂಬ ಬಿರುದೂ ಪ್ರತಿಮೆಗಳೂ ಬಂದುವು. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಪ್ರತಿಮೆಯನ್ನು 2018ರಲ್ಲಿ ಅಲ್ಲಿಂದ ತೆಗೆದರು. ಆ ಮೂವರು ಹೆಂಗಸರ ಸ್ಮಾರಕವು ಮಾಂಟ್‌ಗಮರಿಯಲ್ಲಿ 2021ರಲ್ಲಿ ನಿಂತಿತು. ಶಸ್ತ್ರವಿದ್ಯೆಯು ಹರಿದುದನ್ನು ಹೊಲಿಯುವುದನ್ನು ಕಲಿತದ್ದು ಹೀಗೆ. ಹೊಲಿದ ಸ್ನಾಯುವು ಕೆಲಸಮಾಡುವಂತೆ ಆಗಬೇಕಲ್ಲವೆ? ಆ ಪ್ರಶ್ನೆಯು ಬೇರೊಂದು ಕಡೆಯಿಂದ, ಬೇರೆ ಜನರಿಂದ ಬಂದಿತು.

ಸ್ವೀಡನ್ನಿನಲ್ಲಿ ತೂರೆ ಬ್ರಾಂಡ್ಟ್ ಎಂಬ ಸೈನ್ಯಾಧಿಕಾರಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗರ್ಭಕೋಶ ಜಾರಿದವರಿಗೆ ಮರ್ದನವನ್ನೂ ಅಂಗಸಾಧನೆಯನ್ನೂ ಕೂಡಿಸಿದ ಒಂದು ಚಿಕಿತ್ಸೆಯನ್ನು ನಡೆಸುತ್ತಿದ್ದನು. ಆತನ ಸಿದ್ಧಾಂತ ಇಂದು ನಿಲ್ಲುವಂಥದಲ್ಲ. ಆದರೆ ಶಸ್ತ್ರವಿಲ್ಲದೆ ಬಲ ತುಂಬಬಹುದೆಂಬ ಭಾವನೆಯನ್ನು ಯೂರೋಪಿನಲ್ಲಿ ಹರಡಿದವರಲ್ಲಿ ಆತನೊಬ್ಬನು. ಇದಕ್ಕಿಂತ ನಮಗೆ ಮುಖ್ಯವಾಗಿ ತೋರುವುದು 1894ರಲ್ಲಿ ಲಂಡನ್ನಿನಲ್ಲಿ ನಡೆದ ಸಂಗತಿ. ಅಂಗಮರ್ದನದ ಹೆಸರಿನಲ್ಲಿ ಅನಾಚಾರದ ಅಂಗಡಿಗಳು ನಡೆಯುತ್ತಿವೆಯೆಂದು ಅಲ್ಲಿಯ ವೈದ್ಯ ಪತ್ರಿಕೆಯಲ್ಲಿ ಗುಲ್ಲೆದ್ದಿತು. ಮರ್ಯಾದೆಯಿಂದ ಆ ವೃತ್ತಿಯನ್ನು ನಡೆಸುತ್ತಿದ್ದ ನಾಲ್ವರು ದಾದಿಯರು ತಮ್ಮ ಹೆಸರನ್ನು ಉಳಿಸಿಕೊಳ್ಳುವುದಕ್ಕಾಗಿ, ಶಿಕ್ಷಣ ಪಡೆದ ಮರ್ದನಕಾರ್ತಿಯರ ಸಂಘವೊಂದನ್ನು ಸ್ಥಾಪಿಸಿದರು. ಅವರಲ್ಲೊಬ್ಬಳಾದ ರೋಸಲಿಂಡ್ ಪೇಜೆಟ್ ಸೂಲಗಿತ್ತಿಯರ ಸಂಘಟನೆಯಲ್ಲಿಯೂ ಮುಂದಾಳಾಗಿದ್ದಳು. ಆ ಸಂಘವೇ ಬೆಳೆದು 1920ರಲ್ಲಿ ರಾಜಶಾಸನವನ್ನು ಪಡೆಯಿತು. ಇಂದು ಫಿಸಿಯೋಥೆರಪಿ ಎಂದು ನಾವು ಕರೆಯುವ ವೃತ್ತಿಗೆ ಬ್ರಿಟನ್ನಿನಲ್ಲಿ ಮೂಲ ಅದೇ. ಹೀಗೆ ಆ ವೃತ್ತಿಯ ತೊಟ್ಟಿಲಿನಲ್ಲಿಯೇ ಸೂಲಗಿತ್ತಿಯ ಕೈ ಇದ್ದಿತು. ಹೆಣ್ಣಿನ ಮೈಯನ್ನು ಮುಟ್ಟುವ ಉದ್ಯೋಗಕ್ಕೆ ಗೌರವವನ್ನು ದೊರಕಿಸುವ ಹೋರಾಟವೂ ಅದರೊಡನೆಯೇ ಹುಟ್ಟಿತು. ಆ ಹೋರಾಟವು ಇಂದಿಗೂ ಮುಗಿದಿಲ್ಲವೆಂಬುದನ್ನು ಈ ಚಿಕಿತ್ಸೆ ಮಾಡುವ ಯಾರನ್ನು ಕೇಳಿದರೂ ಹೇಳಿಯಾರು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನ್ನಿ ರಾಂಡೆಲ್ ಎಂಬಾಕೆಯು ಬಾಣಂತಿಯರಿಗೆ ಅಂಗಸಾಧನೆಯನ್ನು ಕಲಿಸುವ ಪದ್ಧತಿಯನ್ನು ಬೆಳೆಸಿದಳು. ನರ್ತಕಿಯಾಗಿದ್ದು ಅನಂತರ ಫಿಸಿಯೋಥೆರಪಿಯನ್ನು ಕಲಿತ ಮಾರ್ಗರೆಟ್ ಮಾರಿಸ್ 1936ರ ತನ್ನ ಪುಸ್ತಕದಲ್ಲಿ, ವಸ್ತಿಕುಹರದ ತಳವನ್ನು ಬಿಗಿದು ಸಡಿಲಿಸುವ ಅಭ್ಯಾಸವನ್ನು ಗರ್ಭಿಣಿಯರಿಗೂ ಬಾಣಂತಿಯರಿಗೂ ವಿವರಿಸಿದಳು. ಹೆಸರು ಮಾತ್ರ ಹನ್ನೆರಡು ವರ್ಷಗಳ ಅನಂತರ ಬರೆದ ಒಬ್ಬ ಪುರುಷನಿಗೆ ಹೋಯಿತು.

ಆ ಪುರುಷನು ಆರ್ನಾಲ್ಡ್ ಕೆಗೆಲ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀರೋಗಶಾಸ್ತ್ರದ ಅಧ್ಯಾಪಕನಾಗಿದ್ದ ಆತನು 1948ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಇಟ್ಟ ಹೆಸರಿನಲ್ಲಿ ಕ್ರಮೇಣ ಹೆಚ್ಚುವ ಪ್ರತಿರೋಧದ ವ್ಯಾಯಾಮ ಎಂಬ ಮಾತು ಬರುತ್ತದೆ. ಈ ಮಾತಿಗೆ ಆಗ ಹೊಸತನವಿದ್ದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಸುಮಾರಿಗೆ, ಗಾಯಗೊಂಡ ಸೈನಿಕರ ಕಾಲುಗಳಿಗೆ ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಲ ತುಂಬುವ ಪದ್ಧತಿಯನ್ನು ಥಾಮಸ್ ಡಿಲಾರ್ಮ್ ಎಂಬ ಸೈನ್ಯದ ವೈದ್ಯನು ಆರಂಭಿಸಿದ್ದನು. ಸ್ನಾಯುವು ವಿಶ್ರಾಂತಿಯಿಂದ ಗುಣವಾಗುವುದಿಲ್ಲ, ಎದುರಾಗುವ ಭಾರವನ್ನು ಗೆಲ್ಲುವುದರಿಂದ ಗುಣವಾಗುತ್ತದೆ ಎಂಬುದೇ ಆ ಪದ್ಧತಿಯ ತತ್ತ್ವ. ಸೈನಿಕನ ತೊಡೆಗೆ ಸಲ್ಲುವ ತತ್ತ್ವವು ಬಾಣಂತಿಯ ಮೈಗೂ ಸಲ್ಲುತ್ತದೆಂದು ಭಾವಿಸುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಅವಳ ದುರ್ಬಲತೆಯನ್ನು ಸ್ತ್ರೀತ್ವದ ಸಹಜ ಫಲವೆಂದು ಬಗೆಯುತ್ತಿದ್ದ ಕಡೆ ಕೆಗೆಲ್ ಅದನ್ನು ಗಾಯವೆಂದೂ, ಬಳಕೆಯಿಲ್ಲದೆ ಸೊರಗಿದ ಸ್ನಾಯುವೆಂದೂ ಎಣಿಸಿದನು.

ಆತನಿಗೆ ಎದುರಾದ ತೊಡಕು ವಿಚಿತ್ರವಾದುದು. ತೋಳನ್ನು ಬಗ್ಗಿಸು ಎಂದರೆ ಬಗ್ಗಿಸಬಹುದು, ಕಣ್ಣಿಗೂ ಕಾಣುತ್ತದೆ. ಕಾಣದ, ಎಂದೂ ಬೇಕೆಂದು ಆಡಿಸಿ ತಿಳಿಯದ ಸ್ನಾಯುವನ್ನು ಬಿಗಿ ಎಂದರೆ ಹೆಂಗಸು ಏನು ಮಾಡಬೇಕು? ಹೊಟ್ಟೆಯನ್ನು ಬಿಗಿಯುತ್ತಾಳೆ, ಪೃಷ್ಠವನ್ನು ಬಿಗಿಯುತ್ತಾಳೆ, ಉಸಿರು ಹಿಡಿಯುತ್ತಾಳೆ, ಕೆಲವು ವೇಳೆ ಮೇಲಕ್ಕೆ ಎತ್ತುವುದರ ಬದಲು ಕೆಳಕ್ಕೆ ಮುಕ್ಕುತ್ತಾಳೆ. ಇದನ್ನು ಕಂಡುಕೊಂಡ ಕೆಗೆಲ್ ಮೊದಲು ಬೆರಳಿನ ಸ್ಪರ್ಶದಿಂದ ಸರಿಯಾದ ಸ್ನಾಯುವನ್ನು ಗುರುತಿಸಿ ಕೊಡುತ್ತಿದ್ದನು. ಬಳಿಕ ಪೆರಿನಿಯೋಮೀಟರ್ ಎಂಬ ಉಪಕರಣವನ್ನು ಮಾಡಿದನು. ಯೋನಿಯಲ್ಲಿ ಇಡುವ ರಬ್ಬರಿನ ಗಾಳಿಕೋಶ, ಅದಕ್ಕೆ ಕೊಳವೆ, ಕೊಳವೆಯ ತುದಿಗೆ ಒತ್ತಡವನ್ನು ತೋರಿಸುವ ಮುಳ್ಳು, ಇಷ್ಟೇ ಅದರ ರಚನೆ. ಸ್ನಾಯು ಬಿಗಿದರೆ ಮುಳ್ಳು ಏರುತ್ತದೆ. ಇಂದು ಎಷ್ಟು ಏರಿತು, ಮುಂದಿನ ವಾರ ಎಷ್ಟು ಏರಿತು ಎಂಬುದನ್ನು ಆ ಹೆಂಗಸೇ ಓದಿ ಬರೆದಿಟ್ಟುಕೊಳ್ಳಬಹುದು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ ಮಾಡಬೇಕೆಂದು ಆತನ ವಿಧಿ. ತನ್ನ ರೋಗಿಗಳಲ್ಲಿ ನೂರಕ್ಕೆ 84 ಮಂದಿಗೆ ಗುಣವಾಯಿತೆಂದು ಆತನು ವರದಿ ಮಾಡಿದನು. ಹೋಲಿಕೆಗಾಗಿ ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪನ್ನು ಇರಿಸಿಕೊಳ್ಳದೆ ಎಣಿಸಿದ ಲೆಕ್ಕವಾದುದರಿಂದ ಅದನ್ನು ಇದ್ದಂತೆ ಒಪ್ಪುವ ಹಾಗಿಲ್ಲ. ಆದರೂ ಉಪಕರಣದ ಹಿಂದಿನ ಆಲೋಚನೆ ಗಟ್ಟಿಯಾದುದು. ಕಾಣದ ಅಂಗವನ್ನು ಅದರ ಒಡತಿಗೇ ಕಾಣುವಂತೆ ಮಾಡಿದುದು ಅದರ ಸಾರ.

ಕೆಗೆಲ್ಲನ ಪ್ರಬಂಧ ಬಂದ 1948ರಲ್ಲಿಯೇ ಬ್ರಿಟನ್ನಿನಲ್ಲಿ ಪ್ರಸೂತಿ ಶಾಖೆಯ ಫಿಸಿಯೋಥೆರಪಿಸ್ಟರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ಎರಡು ತೊರೆಗಳೂ ಬಹುಕಾಲ ಬೇರೆಬೇರೆಯಾಗಿಯೇ ಹರಿದುವು.

ಇಲ್ಲಿಂದ ಮುಂದಿನ ಕಥೆಯಲ್ಲಿ ಒಂದು ನಷ್ಟವಿದೆ. ಕೆಗೆಲ್ಲನ ಹೆಸರು ಲೋಕವನ್ನೆಲ್ಲ ಸುತ್ತಿತು. ಆತನ ಬೆರಳೂ ಉಪಕರಣವೂ ಹಿಂದೆ ಉಳಿದುವು. ಆಸ್ಪತ್ರೆಯಿಂದ ಹೊರಡುವಾಗ ಬಾಣಂತಿಯ ಕೈಗೆ ಒಂದು ಅಚ್ಚಾದ ಹಾಳೆ, ಅದರಲ್ಲಿ ಬಿಗಿಯಿರಿ, ಎಣಿಸಿರಿ, ಬಿಡಿರಿ ಎಂಬ ಎರಡು ಸಾಲು, ಇಷ್ಟಕ್ಕೆ ಚಿಕಿತ್ಸೆ ಇಳಿಯಿತು. ಇದರ ಫಲವೇನೆಂಬುದನ್ನು ಅಮೆರಿಕದಲ್ಲಿ ಬಂಪ್ ಎಂಬ ವೈದ್ಯನೂ ಆತನ ಸಂಗಡಿಗರೂ 1991ರಲ್ಲಿ ತೋರಿಸಿಕೊಟ್ಟರು. 47 ಮಂದಿ ಹೆಂಗಸರಿಗೆ ಬಾಯಿಮಾತಿನಲ್ಲಿ ಚುಟುಕಾಗಿ ಹೇಳಿಕೊಟ್ಟು ಅಳೆದು ನೋಡಿದಾಗ, ಸರಿಯಾಗಿ ಮಾಡಿದವರು ಅರ್ಧಕ್ಕಿಂತ ಒಂದಿಷ್ಟು ಕಡಿಮೆ. ಕಾಲುಭಾಗದವರು ಮಾಡುತ್ತಿದ್ದ ಕ್ರಿಯೆಯಂತೂ ಮೂತ್ರ ಜಾರುವುದನ್ನು ಹೆಚ್ಚಿಸಬಹುದಾದಂಥದು. ವ್ಯಾಯಾಮದಿಂದ ಪ್ರಯೋಜನವಾಗಲಿಲ್ಲವೆಂದು ಕೈಬಿಟ್ಟ ಎಷ್ಟೋ ಮಂದಿ ವ್ಯಾಯಾಮವನ್ನು ಮಾಡಿಯೇ ಇರಲಿಲ್ಲವೆಂದು ಇದರಿಂದ ಊಹಿಸಬೇಕಾಗುತ್ತದೆ. ಸರಿಯಾಗಿ ಕಲಿಸದೆ ಶಸ್ತ್ರಕ್ರಿಯೆಗೆ ಕಳುಹಿಸಿದವರ ಲೆಕ್ಕವನ್ನು ಇಟ್ಟವರಿಲ್ಲ.

ಕಲಿಸಿದರೆ ಏನಾಗುತ್ತದೆಂಬುದಕ್ಕೆ ಈಗ ಸಾಕಷ್ಟು ಸಾಕ್ಷ್ಯವಿದೆ. ನಾರ್ವೆಯ ಫಿಸಿಯೋಥೆರಪಿಸ್ಟ್ ಕಾರಿ ಬೋ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 107 ಮಂದಿ ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿ ಆರು ತಿಂಗಳು ನೋಡಿದರು. ವಿದ್ಯುತ್ ಪ್ರಚೋದನೆ, ಯೋನಿಯಲ್ಲಿ ಹಿಡಿದಿಡುವ ತೂಕಗಳು ಇವೆರಡಕ್ಕಿಂತಲೂ ಮೇಲ್ವಿಚಾರಣೆಯಲ್ಲಿ ಮಾಡಿದ ವ್ಯಾಯಾಮವೇ ಮೇಲೆಂದು ತಿಳಿಯಿತು. ಅಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆಯ ಪ್ರಕಾರ, ಕೆಮ್ಮಿದಾಗ ಮೂತ್ರ ಜಾರುವ ಬಗೆಯ ತೊಂದರೆಯಲ್ಲಿ, ಗುಣವಾಯಿತೆಂದು ಹೇಳಿದವರು ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56, ಮಾಡದವರಲ್ಲಿ ನೂರಕ್ಕೆ 6. ಗರ್ಭಿಣಿಯಾಗಿದ್ದಾಗಲೇ ಆರಂಭಿಸಿದರೆ ತೊಂದರೆ ಬಾರದಂತೆ ಮಾಡುವ ಸಾಮರ್ಥ್ಯವೂ ಇದಕ್ಕುಂಟು. ಹೆರಿಗೆಯಾದ ಬಳಿಕ ಆಗಲೇ ಸೋರುತ್ತಿರುವವರಲ್ಲಿ ಎಷ್ಟು ಪ್ರಯೋಜನ ಎಂಬ ವಿಷಯದಲ್ಲಿ ಮಾತ್ರ ಸಾಕ್ಷ್ಯವು ಅಷ್ಟು ಗಟ್ಟಿಯಾಗಿಲ್ಲ. ಗರ್ಭಕೋಶ ಜಾರುವ ವ್ಯಾಧಿಯಲ್ಲಿ, 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗವು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಲಿಸಿದ ವ್ಯಾಯಾಮದಿಂದ ಉಪದ್ರವ ಕಡಮೆಯಾಗುವುದನ್ನು ತೋರಿಸಿತು. ಮೂಳೆಯಿಂದ ಪೂರ್ತಿ ಕಿತ್ತುಬಂದ ಸ್ನಾಯುವನ್ನು ಯಾವ ವ್ಯಾಯಾಮವೂ ಮತ್ತೆ ಅಂಟಿಸಲಾರದು. ಅಂಥಲ್ಲಿ ಉಳಿದ ಸ್ನಾಯುವನ್ನು ಬಲಪಡಿಸುವುದಷ್ಟೇ ಸಾಧ್ಯ.

ಚಿಕಿತ್ಸೆಯ ಕೋಣೆಯಲ್ಲಿ ಇಂದು ನಡೆಯುವುದೇನೆಂಬುದನ್ನು ಒಂದಿಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ವ್ಯಾಯಾಮವೆಂಬ ಒಂದೇ ಮಾತಿನಿಂದ ತಪ್ಪು ತಿಳಿವಳಿಕೆ ಆಗುತ್ತದೆ. ಮೊದಲನೆಯದು ವಿಚಾರಣೆ: ಹೆರಿಗೆ ಹೇಗಾಯಿತು, ಎಷ್ಟು ಹೊತ್ತು ಮುಕ್ಕಬೇಕಾಯಿತು, ಹೊಲಿಗೆ ಬಿದ್ದಿತೆ, ಯಾವಾಗ ಸೋರುತ್ತದೆ, ಮಲಬದ್ಧತೆಯುಂಟೆ, ಗಂಡನ ಸಂಗದಲ್ಲಿ ನೋವುಂಟೆ. ಒಪ್ಪಿಗೆ ಪಡೆದು ಬೆರಳಿನಿಂದ ಪರೀಕ್ಷಿಸಿ ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಂಕಗಳಲ್ಲಿ ಗುರುತಿಸುತ್ತಾರೆ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿರುವುದರಿಂದ ವ್ಯಾಯಾಮವೂ ಎರಡು ಬಗೆ. ದಿನವೆಲ್ಲ ಭಾರ ಹೊರುವ ಎಳೆಗಳಿಗಾಗಿ ನಿಧಾನವಾಗಿ ಬಿಗಿದು ಹಲವು ಎಣಿಕೆ ಹಿಡಿಯುವುದು. ಕೆಮ್ಮು ಸೀನುಗಳನ್ನು ಥಟ್ಟನೆ ಎದುರಿಸುವ ಎಳೆಗಳಿಗಾಗಿ ಚುರುಕಾಗಿ ಬಿಗಿದು ಬಿಡುವುದು. ಒಂದು ಹೊತ್ತಿಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳಿಗೆ ಕಡಮೆಯಿಲ್ಲದಂತೆ ಮಾಡಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಬಲ ಬರುವುದಕ್ಕೆ ಮೊದಲೇ ಉಪಕಾರಕ್ಕೆ ಬರುವ ಉಪಾಯವೊಂದುಂಟು. ಕೆಮ್ಮು ಬರುತ್ತದೆಂದು ತಿಳಿದ ಕೂಡಲೇ, ಕೆಮ್ಮುವ ಮುನ್ನ, ತಳವನ್ನು ಬಿಗಿದುಕೊಳ್ಳುವುದು. ಈ ಒಂದು ಹೊತ್ತರಿವಿನಿಂದಲೇ ಸೋರುವಿಕೆ ಎಷ್ಟೋ ಕಡಮೆಯಾಗುವುದೆಂದು 1998ರಲ್ಲಿ ತೋರಿಸಿದ್ದಾರೆ. ಎಲ್ಲರಿಗೂ ಬಿಗಿಯುವುದೇ ಮದ್ದೆಂದು ತಿಳಿಯಬಾರದು. ಹೊಲಿಗೆಯ ನೋವಿಗೆ ಹೆದರಿ ಸ್ನಾಯು ಸದಾ ಬಿಗಿದುಕೊಂಡಿರುವವರೂ ಉಂಟು. ಅವರಿಗೆ ಕಲಿಸಬೇಕಾದುದು ಉಸಿರಿನೊಡನೆ ಸಡಿಲಿಸುವುದನ್ನು. ಹೊಲಿಗೆಯ ಕಲೆಯನ್ನು ಮೃದುವಾಗಿ ನೀವುವುದು, ಮಲವಿಸರ್ಜನೆಯಲ್ಲಿ ಮುಕ್ಕದೆ ಕುಳಿತುಕೊಳ್ಳುವ ಭಂಗಿ, ಮಗುವನ್ನೂ ಕೊಡವನ್ನೂ ಎತ್ತುವ ಕ್ರಮ ಇವೂ ಚಿಕಿತ್ಸೆಯ ಅಂಗಗಳೇ.

ಅತ್ಯಂತ ಕಷ್ಟಕ್ಕೀಡಾದವರ ನಡುವೆ ಈ ಚಿಕಿತ್ಸೆಗೆ ಎಂಥ ಬೆಲೆಯಿದೆಯೆಂಬುದನ್ನು ಇಥಿಯೋಪಿಯದಲ್ಲಿ ಕಾಣಬಹುದು. ರೆಜಿನಾಲ್ಡ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್ ಎಂಬ ವೈದ್ಯದಂಪತಿಗಳು 1959ರಲ್ಲಿ ಅಲ್ಲಿಗೆ ಹೋಗಿ, 1974ರಲ್ಲಿ ಆಡಿಸ್ ಅಬಾಬಾದಲ್ಲಿ ಪ್ರಸವದ ಫಿಸ್ಟುಲಾ ರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿದರು. ದಿನಗಟ್ಟಲೆ ತಡೆದ ಹೆರಿಗೆಯಲ್ಲಿ ಮಗುವಿನ ತಲೆಯು ಮೃದು ಅಂಗಗಳನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ರಕ್ತ ಹರಿಯದೆ ಆ ಭಾಗ ಸತ್ತು ಉದುರಿ ರಂಧ್ರವಾಗುತ್ತದೆ. ಮಗು ಬಹುಮಟ್ಟಿಗೆ ಉಳಿಯುವುದಿಲ್ಲ. ತಾಯಿ ಹಗಲಿರುಳು ಸೋರುತ್ತ, ನಾತಕ್ಕೆ ಹೇಸಿ ದೂರಮಾಡಿದ ಮನೆಯ ಮೂಲೆಯಲ್ಲಿ ಉಳಿಯುತ್ತಾಳೆ. ಅದೇ ಒತ್ತಡದಿಂದ ಕಾಲಿನ ನರವೂ ನೊಂದು ಪಾದ ಜೋಲುಬಿದ್ದು ನಡೆಯಲಾರದವರು ಇವರಲ್ಲಿ ಹಲವರು. ರಂಧ್ರವನ್ನು ಶಸ್ತ್ರದಿಂದ ಮುಚ್ಚಬಹುದು. ಪಾದವನ್ನು ನಡೆಯಿಸುವುದು, ವರ್ಷಗಟ್ಟಲೆ ಮುದುರಿ ಮಲಗಿದ್ದುದರಿಂದ ಸೆಟೆದ ಮಂಡಿಯನ್ನು ಬಿಡಿಸುವುದು, ರಂಧ್ರ ಮುಚ್ಚಿದ ಮೇಲೂ ನಿಲ್ಲದ ಸೋರುವಿಕೆಯನ್ನು ತಡೆಯಲು ಸ್ನಾಯುವನ್ನು ಪಳಗಿಸುವುದು, ಇವು ಫಿಸಿಯೋಥೆರಪಿಸ್ಟಳ ಪಾಲಿನ ಕೆಲಸ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಕೈಪಿಡಿಯು ಫಿಸ್ಟುಲಾ ಚಿಕಿತ್ಸೆಯಲ್ಲಿ ಇವಳಿಗೂ ಸ್ಥಾನ ಕೊಟ್ಟಿದೆ.

ಈ ಚಿಕಿತ್ಸೆಯನ್ನು ರಾಷ್ಟ್ರದ ಹೊಣೆಯೆಂದು ಮೊದಲು ಭಾವಿಸಿದ ದೇಶಗಳಲ್ಲಿ ಫ್ರಾನ್ಸ್ ಪ್ರಮುಖವಾದುದು. 1980ರ ದಶಕದಿಂದ ಅಲ್ಲಿ ಹೆರಿಗೆಯಾದ ಸ್ತ್ರೀಗೆ ಸೂಲಗಿತ್ತಿಯಿಂದಾಗಲಿ ಫಿಸಿಯೋಥೆರಪಿಸ್ಟನಿಂದಾಗಲಿ ತಳದ ಸ್ನಾಯುಗಳ ಪುನಶ್ಶಿಕ್ಷಣ ದೊರೆಯುತ್ತದೆ. ಸಾಮಾನ್ಯವಾಗಿ ಹತ್ತು ಬೈಠಕ್ಕುಗಳಿಗೆ ವೆಚ್ಚವನ್ನು ಸಾಮಾಜಿಕ ವಿಮೆ ಭರಿಸುತ್ತದೆ. ಶ್ರೀಮಂತಳಿಗೂ ಅಂಗಡಿಯ ಕೆಲಸದವಳಿಗೂ ಅದೇ ಹತ್ತು. ಬ್ರಿಟನ್ ತನ್ನ ಆರೋಗ್ಯ ಯೋಜನೆಯಲ್ಲಿ ಇಂಥದೊಂದು ವಾಗ್ದಾನವನ್ನು ಮಾಡಿದ್ದು 2019ರಲ್ಲಿ.

ಕರ್ನಾಟಕದ ಮಾತಿಗೆ ಬಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿಯ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿ ಆಗುತ್ತಿವೆ. ಮೂರು ತಲೆಮಾರುಗಳ ಹಿಂದೆ ಯಾರೂ ಕನಸಿನಲ್ಲಿಯೂ ಎಣಿಸಲಾಗದಿದ್ದ ಅಂಕಿ ಇದು; ಎಂದರೆ ಹೆತ್ತವಳನ್ನು ಕಾಣುವ ಅವಕಾಶ ವೈದ್ಯಸಂಸ್ಥೆಗಳಿಗೆ ಒಂದಲ್ಲ ಒಂದು ದಿನ ಸಿಕ್ಕಿಯೇ ಸಿಕ್ಕುತ್ತದೆ. ಅವಳು ಮನೆಗೆ ಬಂದ ಮೇಲೆ ಬಾಣಂತನದ ಹಳೆಯ ಕ್ರಮ ಅವಳನ್ನು ಎದುರುಗೊಳ್ಳುತ್ತದೆ: ಎಣ್ಣೆನೀರು, ಕಾರದ ಪುಡಿ, ಬೆಚ್ಚಗಿನ ಕೋಣೆ, ಹೊಟ್ಟೆಗೆ ಬಿಗಿದು ಸುತ್ತುವ ಬಟ್ಟೆ. ಹೆರಿಗೆಯೆಂದರೆ ಮರುಹುಟ್ಟು ಎಂದು ನಂಬಿ ತಿಂಗಳುಗಟ್ಟಲೆ ವಿಶ್ರಾಂತಿ ಕೊಡಿಸುವ ಈ ಪದ್ಧತಿಯ ಕರುಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹೆತ್ತ ವಾರದಲ್ಲಿಯೇ ಕೂಲಿಗೆ ಹೋಗಬೇಕಾದವಳಿಗೆ ಆ ಕರುಣೆಯೂ ಇಲ್ಲ. ಆದರೆ ಹೊಟ್ಟೆಯ ಬಟ್ಟೆ ಹೊಟ್ಟೆಗೆ ಆಸರೆಯಾಯಿತೇ ಹೊರತು ಕೆಳಗಿನ ತಳಕ್ಕೆ ಅದರಿಂದ ಶಿಕ್ಷಣವಾಗಲಿಲ್ಲ. ಸೋರುವ ವಿಷಯವನ್ನು ಸೊಸೆ ಹೇಳಿದರೆ, ನಮಗೂ ಹಾಗೆಯೇ ಆಗಿತ್ತು, ಹೆತ್ತವರಿಗೆಲ್ಲ ಇದ್ದದ್ದೇ ಎಂದು ಅತ್ತೆ ಸಮಾಧಾನ ಹೇಳುತ್ತಾಳೆ. ಅತ್ತೆಯ ಮಾತು ಅವಳ ಅನುಭವದ ಮಟ್ಟಿಗೆ ಸತ್ಯ. ಅವಳಿಗೆ ಯಾರೂ ಬೇರೆ ಹೇಳಿರಲಿಲ್ಲ.

ಭಾಷೆಯ ಪ್ರಶ್ನೆಯೊಂದು ಉಳಿಯುತ್ತದೆ. ಕಲಿಸುವುದು ಮಾತಿನಿಂದ, ಮೇಲೆ ಹೇಳಿದ ವಸ್ತಿಕುಹರ, ಸಂಕೋಚಕ ಸ್ನಾಯು ಮುಂತಾದ ಪದಗಳಿಂದ ಹಳ್ಳಿಯ ಬಾಣಂತಿಗೆ ಏನೂ ತಿಳಿಯದು. ಇಂಗ್ಲಿಷಿನ ಪದಗಳಿಂದಲಂತೂ ನಗರದವಳಿಗೂ ತಿಳಿಯದು. ನಾಲ್ಕು ಜನರ ನಡುವೆ ಕುಳಿತಿರುವಾಗ ವಾಯುವನ್ನು ತಡೆದುಕೊಳ್ಳುವ ಹಾಗೆ ಹಿಂದಿನಿಂದ ಬಿಗಿ, ಅವಸರವಾದ ಮೂತ್ರವನ್ನು ತಡೆದುಕೊಳ್ಳುವ ಹಾಗೆ ಮುಂದಕ್ಕೆ ತಂದು ಒಳಕ್ಕೂ ಮೇಲಕ್ಕೂ ಎಳೆದುಕೋ, ಉಸಿರು ಕಟ್ಟಬೇಡ, ಹೊಟ್ಟೆ ತೊಡೆಗಳನ್ನು ಸಡಿಲವಾಗಿ ಬಿಡು ಎಂದರೆ ಬಹುಮಂದಿಗೆ ತಿಳಿಯುತ್ತದೆ. ಮೂತ್ರ ಮಾಡುತ್ತಿರುವಾಗಲೇ ಧಾರೆಯನ್ನು ತಡೆದು ಅಭ್ಯಾಸ ಮಾಡುವುದನ್ನು ಮಾತ್ರ ರೂಢಿ ಮಾಡಿಕೊಳ್ಳಬಾರದೆಂದು ಇದರ ಜೊತೆಗೇ ಹೇಳಿಬಿಡಬೇಕು, ಏಕೆಂದರೆ ಹಾಗೆ ಮಾಡುವುದರಿಂದ ಮೂತ್ರಕೋಶವು ಪೂರ್ತಿಯಾಗಿ ಬರಿದಾಗದೆ ಉಳಿಯುವ ಸಂಭವವಿದೆ.